ಸರ್ಕಾರಿ ಕಚೇರಿಯಲ್ಲಿ ಕೆಲಸದ ಹುಮ್ಮಸ್ಸು: ಪದೇ ಪದೇ ಕೇಳುವ ಪ್ರಶ್ನೆಗಳು

ಸರ್ಕಾರಿ ಕಚೇರಿಗಳಲ್ಲಿ ದುಡಿಯುವವರು, ಅವರ ಮೇಲೆ ಉಸ್ತುವಾರಿ ಇರುವವರು ಮಾತಿನ ನಡುವೆಯೂ ಪತ್ರಗಳಲ್ಲೂ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳು ಇವು. ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಎಲ್ಲವನ್ನೂ ಓದಬೇಕಿಲ್ಲ, ನಿಮ್ಮ ಪ್ರಶ್ನೆ ಯಾವುದೋ ಅಲ್ಲಿಗೇ ನೇರವಾಗಿ ಹೋಗಬಹುದು.

## ಮೊದಮೊದಲ ಪ್ರಶ್ನೆಗಳು

ಸರ್ಕಾರಿ ಕೆಲಸ ಸಿಕ್ಕಮೇಲೆ ಯಾರಿಗೂ ದುಡಿಯೋ ಮನಸ್ಸೇ ಇರಲ್ಲ ಅಂತಾರೆ. ನಿಜಾನಾ?

ಇಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದವರ ಪಕ್ಕ ಒಂದು ವಾರ ಕೂತು ನೋಡಿ. ಪ್ರತಿ ಅರ್ಜಿಯನ್ನೂ ಪೂರ್ತಿ ಓದುತ್ತಾರೆ, ಗೊತ್ತಿಲ್ಲದ್ದನ್ನು ಕೇಳುತ್ತಾರೆ, ಬಂದವರಿಗೆ ಕುರ್ಚಿ ತೋರಿಸುತ್ತಾರೆ. ಅದೇ ಮನುಷ್ಯರನ್ನು ಐದು ವರ್ಷ ಬಿಟ್ಟು ನೋಡಿದರೆ ತಲೆ ಎತ್ತದೆ "ನಾಳೆ ಬನ್ನಿ" ಅನ್ನುತ್ತಿರುತ್ತಾರೆ. ಆ ಐದು ವರ್ಷದಲ್ಲಿ ಏನಾಯಿತು ಅನ್ನುವುದೇ ನಿಜವಾದ ಪ್ರಶ್ನೆ.

ಜೇಮ್ಸ್ ಪೆರ್ರಿ ಮತ್ತು ಲೋಯಿಸ್ ವೈಸ್ ಎಂಬ ಅಮೆರಿಕದ ಇಬ್ಬರು ವಿದ್ವಾಂಸರು 1990ರಲ್ಲಿ ಇದನ್ನೇ ಚರ್ಚೆಗೆ ತಂದರು. ಸಾರ್ವಜನಿಕ ಸೇವೆಯ ಕಡೆಗೆ ಕೆಲವರನ್ನು ಸೆಳೆಯುವ ಒಂದು ಬೇರೆಯೇ ಪ್ರೇರಣೆ ಇದೆ, ಅದು ದುಡ್ಡಿನ ಲೆಕ್ಕಕ್ಕೆ ಸಿಗುವುದಿಲ್ಲ ಅಂದರು. 1996ರಲ್ಲಿ ಪೆರ್ರಿ ಅದನ್ನು ಅಳೆಯಲು ನಾಲ್ಕು ಗುಣಗಳನ್ನು ಇಟ್ಟುಕೊಂಡರು. ಸರ್ಕಾರದ ನೀತಿ ರೂಪಿಸುವ ಕೆಲಸದಲ್ಲಿ ಆಸಕ್ತಿ, ಎಲ್ಲರ ಒಳಿತಿನ ಬಗ್ಗೆ ಕಾಳಜಿ, ಅನುಕಂಪ, ತನ್ನ ಲಾಭ ಬಿಟ್ಟುಕೊಡುವ ಮನಸ್ಸು. ಆಮೇಲೆ ಹತ್ತಾರು ದೇಶಗಳಲ್ಲಿ ಈ ಅಳತೆಗೋಲನ್ನು ಬಳಸಿದ್ದಾರೆ.

ನನ್ನ ಮಟ್ಟಿಗೆ ಇಡೀ ವಿಷಯದ ತಿರುಳು ಇಲ್ಲಿದೆ. ಜನ ಹುಮ್ಮಸ್ಸು ತುಂಬಿಕೊಂಡೇ ಒಳಗೆ ಬರುತ್ತಾರೆ. ಕಚೇರಿಯಲ್ಲಿ ಅದು ತೂತು ಬಿದ್ದ ಕೊಡದ ಹಾಗೆ ಸೋರುತ್ತದೆ. ಮೇಲಿನಿಂದ ನೀರು ಸುರಿಯುವ ಮೊದಲು ತೂತು ಎಲ್ಲಿದೆ ಅಂತ ಹುಡುಕಬೇಕು.

ಪ್ರೇರಣೆ, ತೊಡಗಿಕೊಳ್ಳೋದು ಎರಡೂ ಒಂದೇ ಅಲ್ವಾ?

ಹತ್ತಿರದ ನೆಂಟರು, ಆದರೆ ಒಂದೇ ಅಲ್ಲ. ಪ್ರೇರಣೆ ಅಂದರೆ ಕೆಲಸಕ್ಕೆ ನಿಮ್ಮನ್ನು ಎಳೆದು ತರುವ ಕಾರಣ. ತೊಡಗಿಕೊಳ್ಳುವುದು ಅಂದರೆ ಬಂದಮೇಲೆ ಮನಸ್ಸಿಟ್ಟು ಮಾಡುವುದು. ಬಡವರಿಗೆ ಉಪಕಾರ ಮಾಡಬೇಕೆಂದು ಸೇರಿದವರೇ ಮೂರು ಗಂಟೆಗೆ ಗಡಿಯಾರ ನೋಡುತ್ತಾ ಕೂರಬಹುದು.

ವಿಲಿಯಂ ಕಾನ್ ಎಂಬ ಸಂಶೋಧಕರು 1990ರಲ್ಲಿ ಬರೆದದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಮನುಷ್ಯ ಕೆಲಸದಲ್ಲಿ ಪೂರ್ತಿ ತೊಡಗಬೇಕಾದರೆ ಒಳಗೊಳಗೇ ಮೂರು ಪ್ರಶ್ನೆ ಕೇಳಿಕೊಳ್ಳುತ್ತಾನೆ. ಇದಕ್ಕೆ ಅರ್ಥ ಇದೆಯಾ? ಮನಬಿಚ್ಚಿ ಮಾಡಿದರೆ ನನಗೆ ತೊಂದರೆ ಆಗಲ್ವಾ? ಮಾಡುವಷ್ಟು ಶಕ್ತಿ ನನ್ನಲ್ಲಿ ಉಳಿದಿದೆಯಾ? ಮೂರರಲ್ಲಿ ಯಾವುದಕ್ಕೆ ಇಲ್ಲ ಅನ್ನುವ ಉತ್ತರ ಬಂತೋ, ನಿಮ್ಮ ಕಚೇರಿಯ ತೂತು ಅಲ್ಲೇ ಇದೆ.

ಸಂಬಳ ಜಾಸ್ತಿ ಮಾಡಿದ್ರೆ ಎಲ್ಲ ಸರಿಹೋಗಲ್ವಾ?

ಸಂಬಳ ಕಡಿಮೆ ಇದ್ದರೆ, ತಡವಾಗಿ ಬಂದರೆ, ಪಕ್ಕದ ಮೇಜಿನಲ್ಲಿ ಅದೇ ಕೆಲಸ ಮಾಡುವವರಿಗಿಂತ ಅರ್ಧ ಇದ್ದರೆ, ಬೇರೆ ಯಾವ ಮಾತೂ ಕಿವಿಗೆ ಬೀಳುವುದಿಲ್ಲ. ಅದನ್ನು ಮೊದಲು ಸರಿ ಮಾಡಲೇಬೇಕು. ಅದರಲ್ಲೂ ಗುತ್ತಿಗೆ ನೌಕರರ ವಿಷಯದಲ್ಲಿ. ಕಾಯಂ ನೌಕರರಷ್ಟೇ ಕೆಲಸ ಮಾಡಿಸಿಕೊಂಡು ಅವರ ಹೆಸರನ್ನೂ ಸರಿಯಾಗಿ ತಿಳಿದುಕೊಳ್ಳದ ಕಚೇರಿಗಳಿವೆ. ಅಂಥ ಕಡೆ ಉತ್ಸಾಹದ ಬಗ್ಗೆ ಭಾಷಣ ಮಾಡುವುದು ಅನ್ಯಾಯ.

ಆದರೆ ಸಂಬಳ ಸರಿಯಾದ ಕೂಡಲೇ ಹುಮ್ಮಸ್ಸು ಬಂದುಬಿಡುತ್ತದೆ ಅಂತಲ್ಲ. ಫ್ರೆಡರಿಕ್ ಹರ್ಜ್‌ಬರ್ಗ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು ಪಿಟ್ಸ್‌ಬರ್ಗ್‌ನಲ್ಲಿ ಸುಮಾರು 200 ಎಂಜಿನಿಯರುಗಳು ಮತ್ತು ಲೆಕ್ಕಿಗರನ್ನು ಮಾತನಾಡಿಸಿ 1959ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಸರ ತರುವ ಪಟ್ಟಿಯೇ ಬೇರೆ, ಖುಷಿ ತರುವ ಪಟ್ಟಿಯೇ ಬೇರೆ ಅಂತ ಕಂಡಿತು. ಸಂಬಳ, ನಿಯಮಗಳು, ಮೇಲಧಿಕಾರಿಯ ನಡವಳಿಕೆ ಹೆಚ್ಚಾಗಿ ಬೇಸರದ ಪಟ್ಟಿಯಲ್ಲಿದ್ದವು. ಖುಷಿಯ ಪಟ್ಟಿಯಲ್ಲಿ ಇದ್ದದ್ದು ಸಾಧಿಸಿದ ತೃಪ್ತಿ, ಗುರುತಿಸುವಿಕೆ, ಜವಾಬ್ದಾರಿ, ಕೆಲಸದೊಳಗಿನ ಆಸಕ್ತಿ. ಈ ಅಧ್ಯಯನದ ವಿಧಾನವನ್ನು ಆಮೇಲೆ ಬಹಳ ಜನ ಪ್ರಶ್ನಿಸಿದ್ದಾರೆ. ಆದರೂ ಬೇಸರ ಹೋದ ಮಾತ್ರಕ್ಕೆ ಖುಷಿ ಬರುವುದಿಲ್ಲ ಅನ್ನುವ ಮಾತು ಯಾವ ಕಚೇರಿಯಲ್ಲಾದರೂ ಕಣ್ಣಿಗೆ ಕಾಣುತ್ತದೆ.

ನನ್ನ ಕೈಯಲ್ಲಿ ಬಡ್ತಿ ಇಲ್ಲ, ಬೋನಸ್ ಇಲ್ಲ, ವರ್ಗಾವಣೆಯೂ ಇಲ್ಲ. ನಾನು ಏನು ಮಾಡೋಕಾಗುತ್ತೆ?

ಅತಿ ಹೆಚ್ಚು ಸಲ ಕೇಳಿದ ಪ್ರಶ್ನೆ ಇದು. ವಿಭಾಗದ ಮುಖ್ಯಸ್ಥರೆಲ್ಲರೂ ಕೇಳುತ್ತಾರೆ, ಸುಸ್ತಾದ ದನಿಯಲ್ಲಿ ಕೇಳುತ್ತಾರೆ.

ಒಬ್ಬ ಅಧಿಕಾರಿ ನಾನಿದ್ದ ವಿಭಾಗಕ್ಕೆ ಬಂದ ಮೊದಲ ದಿನ ಸಭೆ ಕರೆಯಲಿಲ್ಲ. ಒಬ್ಬೊಬ್ಬರ ಮೇಜಿಗೂ ಹೋಗಿ ಒಂದೇ ಪ್ರಶ್ನೆ ಕೇಳಿದರು: "ದಿನಾ ನಿಮಗೆ ಅಡ್ಡ ಬರೋದು ಯಾವುದು?" ಒಬ್ಬರು ಪ್ರಿಂಟರ್ ಅಂದರು. ಇನ್ನೊಬ್ಬರು ಹಿಂಜರಿಯುತ್ತಾ ಹಳೇ ಕಡತದ ಕೋಣೆಯ ಬೀಗದ ಕೈ ಅಂದರು. ಆ ಬೀಗದ ಕೈ ಒಬ್ಬರ ಡ್ರಾಯರಿನಲ್ಲಿ ಇರುತ್ತಿತ್ತು, ಅವರು ರಜೆ ಹಾಕಿದರೆ ಆ ದಿನ ಹಳೇ ಕಡತ ಬೇಕಾದ ಎಲ್ಲ ಕೆಲಸವೂ ನಿಂತು ಹೋಗುತ್ತಿತ್ತು, ಬಂದವರ ಬೈಗುಳ ಮಾತ್ರ ನಿಲ್ಲುತ್ತಿರಲಿಲ್ಲ. ಮರುದಿನ ಬೆಳಿಗ್ಗೆ ನಕಲಿ ಕೀ ಬಂತು. ಹೆಸರು, ವೇಳೆ ಬರೆಯಲು ಒಂದು ಚಿಕ್ಕ ಪುಸ್ತಕದ ಜೊತೆ ಅದನ್ನು ಗೋಡೆಯ ಮೊಳೆಗೆ ನೇತು ಹಾಕಿದರು. ಎಷ್ಟೋ ವರ್ಷದಿಂದ ಇದ್ದ ತೊಂದರೆ ಒಂದೇ ದಿನದಲ್ಲಿ ಮುಗಿಯಿತು. ಆಮೇಲೆ ಜನ ತಾವಾಗಿಯೇ ಅವರ ಹತ್ತಿರ ಹೋಗಿ ಹೇಳತೊಡಗಿದರು.

ನಿಮ್ಮ ಕೈಯಲ್ಲಿ ಇರುವುದು ಇಂಥದ್ದು. ಯಾರಿಗೆ ಯಾವ ಕೆಲಸ ಕೊಡಬೇಕು ಅನ್ನುವುದು ನಿಮ್ಮದು. ಮೇಲಿನ ಸುದ್ದಿಯನ್ನು ಕೆಳಗೆ ಬೇಗ ಮುಟ್ಟಿಸುವುದು, ರಜೆ ಕೇಳಿದಾಗ ಮುಖ ಗಂಟಿಕ್ಕದೆ ಇರುವುದು, ಸಹಿಗೆ ಬಂದ ಫೈಲನ್ನು ಅದೇ ದಿನ ಕಳಿಸುವುದು ನಿಮ್ಮದು. ನಿಮ್ಮ ಸಿಬ್ಬಂದಿ ಬರೆದ ಟಿಪ್ಪಣಿ ಮೇಲೆ ಹೋದಾಗ ಅವರ ಹೆಸರಲ್ಲೇ ಹೋಗುವ ಹಾಗೆ ನೋಡಿಕೊಳ್ಳುವುದೂ ನಿಮ್ಮದೇ. ಇದಕ್ಕೆ ಯಾರ ಮಂಜೂರಾತಿಯೂ ಬೇಡ.

## ದಿನದ ಕೆಲಸದಲ್ಲಿ ಎದುರಾಗುವವು

ಹೊಗಳಿದ್ರೆ ತಲೆ ಮೇಲೆ ಕೂರ್ತಾರೆ ಅಲ್ವಾ?

ಬಾಯಿಮಾತಿನ ಹೊಗಳಿಕೆಗೆ ಯಾರೂ ತಲೆ ಮೇಲೆ ಕೂರುವುದಿಲ್ಲ, ಯಾಕೆಂದರೆ ಅದನ್ನು ಯಾರೂ ನಂಬುವುದಿಲ್ಲ. "ನೀವೆಲ್ಲ ಚೆನ್ನಾಗಿ ಕೆಲಸ ಮಾಡ್ತಿದ್ದೀರಿ" ಅಂದರೆ ಅದು ಮೂಗಿಗೆ ತುಪ್ಪ ಸವರಿದ ಹಾಗೆ. "ಆ ಅರ್ಜಿಯಲ್ಲಿ ಹುಟ್ಟಿದ ದಿನಾಂಕ ತಪ್ಪಿತ್ತು, ನೀವು ಗಮನಿಸದಿದ್ದರೆ ಅವರು ಇನ್ನೂ ಆರು ತಿಂಗಳು ಅಲೆಯಬೇಕಾಗ್ತಿತ್ತು" ಅಂದು ನೋಡಿ. ಅವರ ಮುಖವೇ ಉತ್ತರ ಹೇಳುತ್ತದೆ. ಏನು ಮಾಡಿದರು, ಅದರಿಂದ ಯಾರಿಗೆ ಏನಾಯಿತು, ಎರಡನ್ನೂ ಹೇಳಿ. ಅದೇ ವಾರ ಹೇಳಿ. ಸಾಧ್ಯವಾದರೆ ವರ್ಷದ ಕೆಲಸದ ವರದಿಯಲ್ಲಿ ಅದನ್ನೇ ಒಂದು ಸಾಲು ಬರೆಯಿರಿ, ಏಕೆಂದರೆ ನೀವು ಹೋದಮೇಲೂ ಅದು ಉಳಿಯುತ್ತದೆ.

ಅದೇ ಅರ್ಜಿ, ಅದೇ ಸೀಲು, ಅದೇ ಸಹಿ. ಇದರಲ್ಲಿ ಏನು ಹುಮ್ಮಸ್ಸು ಬರುತ್ತೆ?

ಕೆಲಸದ ಕೊನೆ ಕಾಣದೆ ಇರುವುದರಿಂದಲೇ ಅದು ಯಂತ್ರದ ಕೆಲಸ ಅನಿಸುತ್ತದೆ. ಒಬ್ಬರು ಅರ್ಜಿ ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಪರಿಶೀಲಿಸುತ್ತಾರೆ, ಮೂರನೆಯವರು ಆದೇಶ ಟೈಪ್ ಮಾಡುತ್ತಾರೆ. ಆದೇಶ ಕೈಗೆ ಸಿಕ್ಕ ಮನುಷ್ಯನ ಮುಖವನ್ನು ಮೂವರಲ್ಲಿ ಯಾರೂ ನೋಡುವುದಿಲ್ಲ.

ಆಡಂ ಗ್ರಾಂಟ್ ಎಂಬ ಮನಶ್ಶಾಸ್ತ್ರಜ್ಞ ಮತ್ತು ಜೊತೆಯವರು 2007ರಲ್ಲಿ ಪ್ರಕಟಿಸಿದ ಒಂದು ಪ್ರಯೋಗ ಇದೆ. ವಿಶ್ವವಿದ್ಯಾಲಯವೊಂದಕ್ಕೆ ಫೋನಿನಲ್ಲಿ ದೇಣಿಗೆ ಕೇಳುವ ಕೆಲಸದವರು. ದಿನವೆಲ್ಲ ಬೇಡ, ಆಗಲ್ಲ ಅನ್ನಿಸಿಕೊಳ್ಳುವ ಕೆಲಸ. ಅವರಲ್ಲಿ ಕೆಲವರಿಗೆ, ಅದೇ ದೇಣಿಗೆಯ ದುಡ್ಡಿನಿಂದ ವಿದ್ಯಾರ್ಥಿವೇತನ ಪಡೆದ ಒಬ್ಬ ವಿದ್ಯಾರ್ಥಿಯ ಜೊತೆ ಬರೀ ಐದು ನಿಮಿಷ ಮಾತನಾಡಲು ಬಿಟ್ಟರು. ತಿಂಗಳ ನಂತರ ನೋಡಿದರೆ ಅವರು ಫೋನಿನಲ್ಲಿ ಕಳೆಯುವ ಸಮಯವೂ, ಕೂಡಿಸಿದ ಹಣವೂ ಮೊದಲಿನ ದುಪ್ಪಟ್ಟಿಗಿಂತ ಜಾಸ್ತಿ ಆಗಿತ್ತು.

ಇದನ್ನು ಓದುವ ಎಷ್ಟೋ ಮೊದಲು ನಾನೇ ಕಂಡಿದ್ದೆ. ಕುಟುಂಬ ಪಿಂಚಣಿಯ ಅರ್ಜಿಗಳು ಬರುವ ವಿಭಾಗ. ಒಂದು ದಿನ ಟಪಾಲಿನಲ್ಲಿ ನೋಟ್‌ಬುಕ್ಕಿನಿಂದ ಹರಿದ ಹಾಳೆಯೊಂದು ಬಂತು. ಪಿಂಚಣಿ ಬಂತು, ಮಗಳ ಫೀಸು ಕಟ್ಟಿದೆ, ನಿಮ್ಮ ಹೆಸರು ಗೊತ್ತಿಲ್ಲ, ಆದೇಶದ ಕೆಳಗಿದ್ದ ಚಿಕ್ಕ ಸಹಿ ಮಾತ್ರ ನೋಡಿದೆ ಅಂತ ಬರೆದಿದ್ದರು. ಆ ಚಿಕ್ಕ ಸಹಿ ನಮ್ಮ ಗುಮಾಸ್ತೆಯದು. ಅವರು ಹಾಳೆಯನ್ನು ಎರಡು ಸಲ ಓದಿ ಬೀರುವಿನ ಬಾಗಿಲ ಒಳಗಡೆ ಅಂಟಿಸಿದರು. ಅಲ್ಲಿಂದಾಚೆಗೆ ಅರ್ಜಿಯಲ್ಲಿ ಒಂದು ಕಾಗದ ಕಡಿಮೆ ಇದ್ದರೆ ವಾಪಸ್ ಕಳಿಸುವ ಬದಲು ಫೋನ್ ಮಾಡಿ ತರಿಸಿಕೊಳ್ಳುತ್ತಿದ್ದರು. ಹಾಗೆ ಮಾಡಿ ಅಂತ ಯಾವ ಸುತ್ತೋಲೆಯೂ ಬಂದಿರಲಿಲ್ಲ.

ಅದಕ್ಕೇ ಸಾಧ್ಯ ಇದ್ದ ಕಡೆ ಒಂದು ಅರ್ಜಿಯನ್ನು ಶುರುವಿನಿಂದ ಕೊನೆವರೆಗೂ ಒಬ್ಬರೇ ನೋಡಲಿ. ಆಗದಿದ್ದರೆ ತಿಂಗಳಿಗೊಮ್ಮೆಯಾದರೂ ಆದೇಶವನ್ನು ಅವರ ಕೈಯಿಂದಲೇ ಕೊಡಿಸಿ.

ಕೆಲಸ ಮಾಡೋನಿಗೇ ಕೆಲಸ ಜಾಸ್ತಿ, ಮಾಡದೋನು ಆರಾಮಾಗಿರ್ತಾನೆ. ಇದನ್ನ ಹೇಗೆ ನಿಲ್ಲಿಸೋದು?

ಒಳ್ಳೆಯ ನೌಕರರನ್ನು ಇದಕ್ಕಿಂತ ಬೇಗ ಕೊಲ್ಲುವ ಸಂಗತಿ ನಾನು ನೋಡಿಲ್ಲ. ತುರ್ತು ಫೈಲು ಬಂದಾಗ ಅಧಿಕಾರಿ ಮಾಡಿಕೊಡುವವರ ಕಡೆಗೇ ತಳ್ಳುತ್ತಾರೆ. ಕೆಲಸ ಮುಗಿಯಬೇಕಲ್ಲ, ಅದು ಸಹಜವೂ ಹೌದು. ಆದರೆ ವರ್ಷಗಟ್ಟಲೆ ಹೀಗೇ ನಡೆದರೆ ದುಡಿಯುವವರು ಒಂದೇ ಪಾಠ ಕಲಿಯುತ್ತಾರೆ, ಇಲ್ಲಿ ಚುರುಕಾಗಿದ್ದರೆ ಶಿಕ್ಷೆ ಅಂತ.

ಮೊದಲು ಕೆಲಸವನ್ನು ಕಣ್ಣಿಗೆ ಕಾಣುವ ಹಾಗೆ ಮಾಡಿ. ಒಂದು ಬಿಳಿ ಬೋರ್ಡು ಸಾಕು. ಯಾರ ಹತ್ತಿರ ಎಷ್ಟು ಅರ್ಜಿ ಇವೆ, ಅದರಲ್ಲಿ ಹಳೆಯದು ಎಷ್ಟು ದಿನದ್ದು, ಇಷ್ಟೇ ಬರೆಯಿರಿ. ಅವಮಾನ ಮಾಡುವ ಉದ್ದೇಶ ಬೇಡ, ಕೆಂಪು ಬಣ್ಣವೂ ಬೇಡ. ಹೊಸ ಕೆಲಸ ಹಂಚುವಾಗ ಬೋರ್ಡಿನ ಎದುರೇ ನಿಂತು ಹಂಚಿ.

ಆಮೇಲೆ ಮಾಡದೆ ಇರುವವರ ಜೊತೆ ಒಬ್ಬರೇ ಕೂತು ಮಾತನಾಡಿ. ಸೋಮಾರಿ ಅಂತ ಹೆಸರು ಪಡೆದವರಲ್ಲಿ ಬೇರೆ ಬೇರೆ ಥರದವರು ಇರುತ್ತಾರೆ. ಹೊಸ ಸಾಫ್ಟ್‌ವೇರ್ ಬಂದಮೇಲೆ ಕೈಕಾಲು ಆಡದೆ, ಕೇಳಲು ನಾಚಿಕೊಂಡು, ಕೆಲಸವನ್ನೇ ತಪ್ಪಿಸಿಕೊಳ್ಳುವವರಿದ್ದಾರೆ. ಮನೆಯಲ್ಲಿ ಕಾಯಿಲೆಯವರನ್ನು ನೋಡಿಕೊಳ್ಳುತ್ತಿರುವವರಿದ್ದಾರೆ. ಎಂದೋ ಒಮ್ಮೆ ಮುಂದೆ ಬಿದ್ದು ಕೆಲಸ ಮಾಡಿ ಪೆಟ್ಟು ತಿಂದು ಸುಮ್ನಾದವರಿದ್ದಾರೆ. ಇವರೆಲ್ಲರಿಗೂ ಒಂದೇ ಮದ್ದು ನಾಟುವುದಿಲ್ಲ. ಮೊದಲನೆಯವರಿಗೆ ಪಕ್ಕದಲ್ಲಿ ಕೂತು ಕಲಿಸುವ ಒಬ್ಬರು ಬೇಕು. ಎರಡನೆಯವರಿಗೆ ಕೆಲವು ತಿಂಗಳ ಮಟ್ಟಿಗೆ ಹಗುರವಾದ ಕೆಲಸ ಬೇಕು. ಮೂರನೆಯವರಿಗೆ ಹಿಂದೆ ಆದದ್ದನ್ನು ಯಾರಾದರೂ ಒಮ್ಮೆ ಪೂರ್ತಿಯಾಗಿ ಕೇಳಿಸಿಕೊಳ್ಳಬೇಕು.

ಇಷ್ಟೆಲ್ಲ ಆದಮೇಲೂ ಬೇಕೆಂದೇ ಮಾಡದವರು ಉಳಿಯುತ್ತಾರೆ, ಕಡಿಮೆ ಜನ. ಅವರ ವಿಷಯದಲ್ಲಿ ನಿಯಮದ ದಾರಿಯಲ್ಲೇ ಹೋಗಿ. ಏನು ಮಾಡಬೇಕಿತ್ತು, ಯಾವ ದಿನ ಹೇಳಿದಿರಿ, ಏನಾಯಿತು, ಎಲ್ಲವನ್ನೂ ಬರೆದಿಡಿ. ನಿಧಾನದ ದಾರಿ, ಆದರೆ ನೀವು ಆ ದಾರಿ ಹಿಡಿದಿದ್ದೀರಿ ಅನ್ನುವುದು ಉಳಿದವರಿಗೆ ಗೊತ್ತಾಗುತ್ತದೆ. ಒಬ್ಬರ ತಪ್ಪಿಗೆ ಇಡೀ ವಿಭಾಗಕ್ಕೆ ಕಟುವಾದ ಸುತ್ತೋಲೆ ಹೊರಡಿಸುವುದು ಮಾತ್ರ ಬೇಡ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಗುತ್ತದೆ.

ಬೆರಳಚ್ಚು ಹಾಜರಿ ಯಂತ್ರ ಹಾಕಿದ್ಮೇಲೆ ಎಲ್ಲರೂ ಟೈಮಿಗೆ ಬರ್ತಾರೆ. ಇನ್ನೇನು ಬೇಕು?

ಟೈಮಿಗೆ ಬರುವುದು ಒಳ್ಳೆಯದೇ, ಕೌಂಟರ್ ಮುಂದೆ ನಿಂತವರಿಗೆ ಅದು ಮುಖ್ಯ. ಯಂತ್ರ ದೇಹದ ಲೆಕ್ಕ ಇಡುತ್ತದೆ, ಮನಸ್ಸಿನ ಲೆಕ್ಕ ನೀವೇ ಇಡಬೇಕು.

ಕೌಂಟರ್‌ನಲ್ಲಿ ಕೂರೋ ನಮ್ಮವರು ಬೈಗುಳ ತಿಂದು ತಿಂದು ಸೋತಿದ್ದಾರೆ. ಏನಾದ್ರೂ ಮಾಡಬಹುದಾ?

ಖಂಡಿತ. ಜನರ ಕಣ್ಣಿಗೆ ಸರ್ಕಾರ ಅಂದರೆ ಕೌಂಟರಿನಲ್ಲಿ ಕೂತಿರುವ ಆ ಒಬ್ಬರೇ. ಯಾರೋ ಮಾಡಿದ ನಿಯಮಕ್ಕೆ, ಯಾರೋ ಮಾಡಿದ ತಡಕ್ಕೆ ಉತ್ತರ ಕೊಡುವವರು ಅವರು. ಜನ ಜಾಸ್ತಿ, ಸಮಯ ಕಡಿಮೆ ಇದ್ದಾಗ ಅವರು ತಮ್ಮನ್ನು ಉಳಿಸಿಕೊಳ್ಳಲು ಮುಖ ಗಡುಸು ಮಾಡಿಕೊಳ್ಳುತ್ತಾರೆ. ಹೊರಗಿನವರಿಗೆ ಅದು ದರ್ಪ ಅನಿಸುತ್ತದೆ. ಹತ್ತಿರದಿಂದ ನೋಡಿದರೆ ಬಹಳ ಸಲ ಅದು ದಣಿವು.

ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಈ ದಣಿವಿನ ಬಗ್ಗೆ ಹೇಳಿದ್ದನ್ನು ಅಧಿಕಾರಿಗಳು ಗಮನಿಸಬೇಕು. ಅದನ್ನು ಕಾಯಿಲೆ ಅನ್ನದೆ, ಸರಿಯಾಗಿ ನಿಭಾಯಿಸದೆ ಬಿಟ್ಟ ಕೆಲಸದ ಒತ್ತಡದ ಫಲ ಅಂದರು. ಬಳಲಿಕೆ, ಕೆಲಸದಿಂದ ಮನಸ್ಸು ದೂರವಾಗುವುದು, ಕೆಲಸದ ಗುಣಮಟ್ಟ ಇಳಿಯುವುದು ಅದರ ಮೂರು ಗುರುತು. ಅಂದರೆ ಸರಿಪಡಿಸಬೇಕಾದ್ದು ಕೆಲಸದ ರೀತಿಯನ್ನು. "ಧ್ಯಾನ ಮಾಡಿ" ಅಂತ ಹೇಳಿ ಕೈ ತೊಳೆದುಕೊಳ್ಳುವಂತಿಲ್ಲ.

ಒಬ್ಬರನ್ನೇ ಇಡೀ ದಿನ ಕೂರಿಸಬೇಡಿ, ಅರ್ಧ ದಿನ ಕೌಂಟರ್, ಅರ್ಧ ದಿನ ಒಳಗಿನ ಕೆಲಸ ಇರಲಿ. ಸರ್ವರ್ ಕೈಕೊಟ್ಟಾಗ ಮುಖ್ಯಸ್ಥರೇ ಹೊರಗೆ ಬಂದು ಜನರಿಗೆ ಹೇಳಿ. ಸಾಲು ಬೆಳೆದಾಗ ನೀವೂ ಒಂದು ಗಂಟೆ ಆ ಕುರ್ಚಿಯಲ್ಲಿ ಕೂರಿ. ಅರ್ಜಿ ನಮೂನೆಯಲ್ಲಿ ಒಂದೇ ಹೆಸರನ್ನು ನಾಲ್ಕು ಕಡೆ ಯಾಕೆ ಕೇಳುತ್ತಾರೆ ಅನ್ನುವುದು ಆ ಒಂದು ಗಂಟೆಯಲ್ಲಿ ನಿಮಗೂ ಕಾಡತೊಡಗುತ್ತದೆ.

## ಇನ್ನೂ ಸ್ವಲ್ಪ ಆಳದ ಪ್ರಶ್ನೆಗಳು

ಚೆನ್ನಾಗಿ ಮಾಡಿದವರಿಗೆ ಬೋನಸ್ ಕೊಡೋ ಪದ್ಧತಿ ತಂದ್ರೆ?

ಪ್ರಯತ್ನ ಬಹಳ ಕಡೆ ಆಗಿದೆ. ಅಮೆರಿಕದ ಕೇಂದ್ರ ಸರ್ಕಾರ 1978ರ ಸುಧಾರಣಾ ಕಾಯ್ದೆಯಲ್ಲಿ ಮಧ್ಯಮ ಹಂತದ ಮೇಲ್ವಿಚಾರಕರಿಗೆ ಅರ್ಹತೆ ನೋಡಿ ಸಂಬಳ ಕೊಡುವ ಪದ್ಧತಿ ತಂದಿತು. ಅಸಮಾಧಾನ ಎದ್ದು 1984ರಲ್ಲಿ ಅದನ್ನು ಬದಲಾಯಿಸಿದರು, 1993ರಲ್ಲಿ ಬದಲಾಯಿಸಿದ್ದನ್ನೂ ಕೈಬಿಟ್ಟರು. ಮುಂದುವರಿದ ದೇಶಗಳ ಕೂಟವಾದ ಒಇಸಿಡಿ 2005ರಲ್ಲಿ ಹಲವು ದೇಶಗಳ ಅನುಭವ ನೋಡಿ, ಇಂಥ ಬೋನಸ್ಸಿನಿಂದ ಹೆಚ್ಚಿನ ನೌಕರರಲ್ಲಿ ಪ್ರೇರಣೆ ಅಷ್ಟೇನೂ ಏರುವುದಿಲ್ಲ ಅಂದಿತು.

ಕಾರಣ ಕೆಲಸದ ಗುಣದಲ್ಲೇ ಇದೆ. ಸರ್ಕಾರಿ ಕೆಲಸವನ್ನು ಎಣಿಸುವುದು ಕಷ್ಟ. ಎಷ್ಟು ಅರ್ಜಿ ವಿಲೇವಾರಿ ಆಯಿತು ಅಂತ ಎಣಿಸಿದರೆ ಸುಲಭದ ಅರ್ಜಿಗಳು ಬೇಗ ಮುಗಿಯುತ್ತವೆ, ತೊಡಕಿನವು ತಳದಲ್ಲಿ ಉಳಿಯುತ್ತವೆ. ತೊಡಕಿನ ಅರ್ಜಿ ಹೆಚ್ಚಾಗಿ ಗತಿ ಇಲ್ಲದವರದೇ ಆಗಿರುತ್ತದೆ. ಜೊತೆಗೆ ಒಂದು ತಂಡದ ಶ್ರಮಕ್ಕೆ ಒಬ್ಬರ ಹೆಸರು ಹಾಕಿದರೆ ಉಳಿದವರು ಮಾಹಿತಿ ಹಂಚಿಕೊಳ್ಳುವುದನ್ನೇ ನಿಲ್ಲಿಸುತ್ತಾರೆ.

ಗುರುತಿಸುವುದಕ್ಕೆ ಇರುವ ಬಲ ಮಾತ್ರ ಬೇರೆ. ಜಾಂಬಿಯಾದ ಲುಸಾಕಾದಲ್ಲಿ ಕ್ಷೌರದಂಗಡಿ, ಕೇಶಾಲಂಕಾರದ ಅಂಗಡಿಯವರ ಮೂಲಕ ಎಚ್‌ಐವಿ ತಡೆಯುವ ಕಾಂಡೋಮ್ ಮಾರುವ ಆರೋಗ್ಯ ಕಾರ್ಯಕ್ರಮವೊಂದರಲ್ಲಿ ಕೆಲವರಿಗೆ ಹಣದ ಲಾಭ ಇಟ್ಟರು, ಕೆಲವರಿಗೆ ಪ್ರತಿ ಮಾರಾಟಕ್ಕೂ ಅಂಗಡಿಯಲ್ಲಿ ಎಲ್ಲರಿಗೂ ಕಾಣುವ ಪಟ್ಟಿಯಲ್ಲಿ ಒಂದು ನಕ್ಷತ್ರ ಅಂಟಿಸಿದರು. 2014ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನಕ್ಷತ್ರದವರು ಉಳಿದವರ ದುಪ್ಪಟ್ಟು ಮಾರಿದ್ದರು. ಹಾಗಂತ ನಾಳೆಯೇ ನಕ್ಷತ್ರ ತಂದು ಅಂಟಿಸಬೇಡಿ. ಅಲ್ಲಿ ಎಣಿಸಲು ಒಂದು ವಸ್ತು ಇತ್ತು, ಉದ್ದೇಶವೂ ಎಲ್ಲರಿಗೂ ಗೊತ್ತಿತ್ತು.

ನಿಯಮ ಇಷ್ಟು ಬಿಗಿ ಇರುವಾಗ ಕೆಳಗಿನವರಿಗೆ ಸ್ವಾತಂತ್ರ್ಯ ಕೊಡೋದು ಹೇಗೆ? ನಾಳೆ ಆಡಿಟ್‌ನವರು ಕೇಳಿದ್ರೆ?

ಆಡಿಟ್ ಭಯ ಸುಳ್ಳಲ್ಲ. ಆದರೆ ಬಿಗಿ ಮಾಡಿದಷ್ಟೂ ಕೆಲಸ ಚೆನ್ನಾಗಿ ಆಗುತ್ತದೆ ಅನ್ನುವ ನಂಬಿಕೆಗೆ ಆಧಾರ ಕಡಿಮೆ. ಇಮ್ರಾನ್ ರಸೂಲ್ ಮತ್ತು ಡೇನಿಯಲ್ ರೋಜರ್ ಎಂಬ ಅರ್ಥಶಾಸ್ತ್ರಜ್ಞರು ನೈಜೀರಿಯಾದ ಸರ್ಕಾರಿ ಇಲಾಖೆಗಳ ಸುಮಾರು 4,700 ಯೋಜನೆಗಳನ್ನು ಪರಿಶೀಲಿಸಿ 2018ರಲ್ಲಿ ಬರೆದರು. ನೌಕರರಿಗೆ ತೀರ್ಮಾನದ ಅವಕಾಶ ಹೆಚ್ಚಿದ್ದ ಕಡೆ ಯೋಜನೆಗಳು ಹೆಚ್ಚು ಮುಗಿದಿದ್ದವು. ನಿಗಾ ಮತ್ತು ಪ್ರೋತ್ಸಾಹಧನದ ಪದ್ಧತಿ ಬಿಗಿಯಾಗಿದ್ದ ಕಡೆ ಕಡಿಮೆ ಮುಗಿದಿದ್ದವು.

ಇದು ಆರೋಗ್ಯದ ವಿಷಯವೂ ಹೌದು. ಲಂಡನ್ನಿನಲ್ಲಿ ಕೆಲಸ ಮಾಡುತ್ತಿದ್ದ 10,308 ಬ್ರಿಟಿಷ್ ಸರ್ಕಾರಿ ನೌಕರರನ್ನು 1985ರಿಂದ ಹಿಂಬಾಲಿಸಿದ ಎರಡನೇ ವೈಟ್‌ಹಾಲ್ ಅಧ್ಯಯನದಲ್ಲಿ, ತಮ್ಮ ಕೆಲಸದ ಮೇಲೆ ಹಿಡಿತ ಕಡಿಮೆ ಇದ್ದವರಿಗೆ ಹೃದಯದ ಕಾಯಿಲೆಯ ಸಾಧ್ಯತೆ ಹೆಚ್ಚಿತ್ತು. ಇದನ್ನು ಮೊದಲ ಸಲ ಓದಿದಾಗ ನನ್ನ ಜೊತೆ ದುಡಿದ ಎಷ್ಟೋ ಮುಖಗಳು ಕಣ್ಣ ಮುಂದೆ ಬಂದವು.

ನಿಯಮ ಬಿಡಿ ಅಂತ ಯಾರೂ ಹೇಳುತ್ತಿಲ್ಲ. ಏನು ಮಾಡಬೇಕು ಅನ್ನುವುದನ್ನು ನಿಯಮ ಹೇಳುತ್ತದೆ. ಯಾವ ಕೆಲಸ ಮೊದಲು, ಯಾರ ಜೊತೆ, ಯಾವ ಕ್ರಮದಲ್ಲಿ ಅನ್ನುವುದನ್ನು ಬಹಳ ಸಲ ಹೇಳುವುದಿಲ್ಲ. ಆ ಜಾಗವನ್ನು ಅವರಿಗೆ ಬಿಡಿ. ತೀರ್ಮಾನಕ್ಕೆ ಕಾರಣ ಬರೆಯುವುದನ್ನು ಕಲಿಸಿ. ಎರಡು ಸಾಲಿನ ಸ್ಪಷ್ಟ ಕಾರಣ ಫೈಲಿನಲ್ಲಿ ಇದ್ದರೆ ಆಡಿಟ್ ಎದುರಿಸುವುದು ಸಲೀಸು. ಒಂದು ವೇಳೆ ಪ್ರಶ್ನೆ ಬಂದರೆ "ನಾನು ಒಪ್ಪಿಯೇ ಮಾಡಿಸಿದ್ದು" ಅಂತ ಹೇಳುವ ಧೈರ್ಯ ನಿಮ್ಮಲ್ಲಿರಬೇಕು. ಅದು ಒಂದು ಸಲ ಸಾಬೀತಾದರೆ ಸಾಕು, ಸಿಬ್ಬಂದಿ ವರ್ಷಗಟ್ಟಲೆ ನೆನಪಿಡುತ್ತಾರೆ.

ತಪ್ಪಾಗಿದೆ ಅಂತ ಒಪ್ಪಿಕೊಂಡ್ರೆ ಮೆಮೊ ಬರುತ್ತೆ. ಯಾರು ಬಾಯಿ ಬಿಡ್ತಾರೆ?

ಯಾರೂ ಬಿಡುವುದಿಲ್ಲ, ತಪ್ಪು ದೊಡ್ಡದಾಗುವವರೆಗೂ. ಏಮಿ ಎಡ್ಮಂಡ್‌ಸನ್ ಎಂಬ ಅಮೆರಿಕದ ಸಂಶೋಧಕಿ 1990ರ ದಶಕದಲ್ಲಿ ಆಸ್ಪತ್ರೆಯ ತಂಡಗಳಲ್ಲಿ ಔಷಧ ಕೊಡುವಾಗಿನ ತಪ್ಪುಗಳನ್ನು ನೋಡುತ್ತಿದ್ದಾಗ ಒಂದು ವಿಚಿತ್ರ ಕಂಡಿತು. ಒಳ್ಳೆಯ ಹೊಂದಾಣಿಕೆಯ ತಂಡಗಳಲ್ಲೇ ತಪ್ಪಿನ ಲೆಕ್ಕ ಜಾಸ್ತಿ ಇತ್ತು. ಅಲ್ಲಿ ಜನ ಹೆದರದೆ ಹೇಳುತ್ತಿದ್ದರು, ಬೇರೆ ಕಡೆ ಮುಚ್ಚಿಡುತ್ತಿದ್ದರು ಅನ್ನುವುದು ಅವರು ಕಂಡುಕೊಂಡ ಕಾರಣ. ಹಾಗಾಗಿ ತಾನೇ ಬಂದು ಹೇಳಿದ ತಪ್ಪಿಗೂ, ಮುಚ್ಚಿಟ್ಟು ಸಿಕ್ಕಿಬಿದ್ದ ತಪ್ಪಿಗೂ ಒಂದೇ ಬಗೆಯ ಮೆಮೊ ಕೊಡಬೇಡಿ. ಮೊದಲು ಬಂದು ಹೇಳಿದವರಿಗೆ "ಬೇಗ ಹೇಳಿದ್ದು ಒಳ್ಳೇದಾಯ್ತು, ಹೇಗೆ ಸರಿ ಮಾಡೋಣ?" ಅನ್ನಿ. ದುಡ್ಡು ಹೊಡೆದದ್ದು, ಬೇಕೆಂದೇ ಮೋಸ ಮಾಡಿದ್ದು ಈ ಮಾತಿಗೆ ಸೇರುವುದಿಲ್ಲ.

ಸಿಬ್ಬಂದಿ ಸಮೀಕ್ಷೆ ಮಾಡಿಸಿದ್ವಿ. ಈ ಸಲ ಯಾರೂ ಮನಸ್ಸಿಟ್ಟು ತುಂಬಲಿಲ್ಲ. ಯಾಕೆ?

ಹೋದ ಸಲ ಹೇಳಿದ್ದು ಏನಾಯಿತು ಅಂತ ಅವರಿಗೆ ಯಾರೂ ತಿಳಿಸಲಿಲ್ಲ. ಬ್ರಿಟನ್ 2009ರಿಂದ ತನ್ನ ನಾಗರಿಕ ಸೇವೆಯಲ್ಲಿ ಸಮೀಕ್ಷೆ ನಡೆಸುತ್ತಿದೆ, ಅಮೆರಿಕದ ಕೇಂದ್ರ ಸರ್ಕಾರದಲ್ಲಿ 2002ರಲ್ಲಿ ಶುರುವಾಯಿತು. ಪ್ರಶ್ನಾವಳಿ ಎಷ್ಟು ಚೆನ್ನಾಗಿದ್ದರೂ ಕಾಟಾಚಾರಕ್ಕೆ ಮಾಡಿದರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಹದಿನೈದು ದಿನದೊಳಗೆ ಫಲಿತಾಂಶವನ್ನು ಎಲ್ಲರ ಮುಂದೆ ಇಡಿ. ಅದರಲ್ಲಿ ಒಂದೇ ಒಂದು ವಿಷಯ ಆರಿಸಿಕೊಂಡು ಸರಿ ಮಾಡಿ, ಆಗದ್ದನ್ನು ಆಗುವುದಿಲ್ಲ ಅಂತ ಕಾರಣ ಸಹಿತ ಹೇಳಿ. ಹತ್ತು ಜನರಿರುವ ವಿಭಾಗಕ್ಕೆ ಸಮೀಕ್ಷೆಯೇ ಬೇಡ, ಕೂತು ಮಾತನಾಡಿದರೆ ಸಾಕು.

ಎರಡು ವರ್ಷಕ್ಕೊಮ್ಮೆ ಮೇಲಿನವರು ಬದಲಾಗ್ತಾರೆ. ಬಂದವರೆಲ್ಲ ಹೊಸದಾಗಿ ಶುರು ಮಾಡ್ತಾರೆ. ನಾವು ಯಾಕೆ ತಲೆ ಕೆಡಿಸ್ಕೋಬೇಕು?

ನಿಮ್ಮ ಬೇಸರ ನ್ಯಾಯವಾದದ್ದು. ಅದಕ್ಕೇ ಒಳ್ಳೆಯ ಪದ್ಧತಿಯನ್ನು ಅಧಿಕಾರಿಯ ಹೆಸರಿಗೆ ಕಟ್ಟಬಾರದು. ವಾರದ ಹಂಚಿಕೆ, ಕೌಂಟರ್ ಸರದಿ, ಹೊಸಬರಿಗೆ ಕಲಿಸುವ ಕ್ರಮ, ಇವನ್ನು ಎರಡು ಪುಟದಲ್ಲಿ ವಿಭಾಗದವರೇ ಬರೆದಿಡಲಿ. ಹೊಸ ಅಧಿಕಾರಿ ಬಂದ ದಿನ ಫೈಲುಗಳ ಪಟ್ಟಿಯ ಜೊತೆ ಅದನ್ನೂ ಕೊಡಿ, ಏನು ಉಪಯೋಗ ಆಯಿತು ಅಂತ ನಾಲ್ಕು ಅಂಕಿ ಸೇರಿಸಿ. ಬಹಳಷ್ಟು ಜನ ನಡೆಯುತ್ತಿರುವುದನ್ನು ಕೆಡಿಸಲು ಬರುವುದಿಲ್ಲ, ಏನು ನಡೆಯುತ್ತಿದೆ ಅನ್ನುವುದೇ ಅವರಿಗೆ ಗೊತ್ತಿರುವುದಿಲ್ಲ.

ಬೇರೆಯವರದು ಬಿಡಿ, ನನ್ನದೇ ಹುಮ್ಮಸ್ಸು ಹೋಗಿಬಿಟ್ಟಿದೆ. ನಾನೇನು ಮಾಡ್ಲಿ?

ಈ ಪ್ರಶ್ನೆಯನ್ನು ಜನ ಕೊನೆಗೆ, ಎಲ್ಲರೂ ಎದ್ದು ಹೋದಮೇಲೆ ಕೇಳುತ್ತಾರೆ. ನಾಚಿಕೆ ಪಡುವಂಥದ್ದು ಇದರಲ್ಲಿ ಏನೂ ಇಲ್ಲ. ಬಾಕಿ ಉಳಿದ ರಜೆ ಇದ್ದರೆ ಮೊದಲು ಹಾಕಿ, ನಿಜವಾಗಿಯೂ ಫೋನ್ ಆಫ್ ಮಾಡಿ. ನಿದ್ದೆ ಕೆಟ್ಟಿದ್ದರೆ, ಬೆಳಿಗ್ಗೆ ಕಚೇರಿ ನೆನೆದರೆ ಎದೆ ಹೊಡೆದುಕೊಳ್ಳುತ್ತಿದ್ದರೆ ವೈದ್ಯರನ್ನು ನೋಡಿ, ಮುಂದೂಡಬೇಡಿ. ವಾಪಸ್ ಬಂದಮೇಲೆ ಕಟ್ಟಿನ ತಳದಿಂದ ಒಂದು ಹಳೇ ಅರ್ಜಿ ಹೊರಗೆ ತೆಗೆಯಿರಿ. ಅದರ ಮೇಲೆ ಬರೆದಿರುವ ನಂಬರಿಗೆ ನೀವೇ ಫೋನ್ ಮಾಡಿ, ಯಾವ ಕಾಗದ ಬೇಕು ಅಂತ ಹೇಳಿ, ಅದೊಂದನ್ನು ಕೊನೆಯವರೆಗೂ ನೀವೇ ಮುಗಿಸಿ.